ಕಿವಿಗೆ ಹಿಡಿದ ಆಮೆ

ನಮ್ಮ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿಯ ಮಗಳಿಗೆ ಏನು ಕೊಟ್ಟರೂ ಅವಳು ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಅಟ್ಟದಲ್ಲಿ ಒಣಗಲು ಹಾಕಿದ ತೆಂಗಿನಕಾಯಿಯೊಳಗೆ ನೀರು ಇಂಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಕೇಳಿ ಹೇಳುವ ವಿದ್ಯೆ ಅವಳಿಗೆ ಅಕ್ಷರಕ್ಕಿಂತ ಮೊದಲೇ ಬಂದಿತ್ತು. ಟಾರ್ಚು, ಟಿಫನ್ ಡಬ್ಬಿ, ಹುಟ್ಟುಹಬ್ಬದ ಉಡುಗೊರೆ, ಯಾವುದನ್ನೂ ಬಿಟ್ಟವಳಲ್ಲ. "ತಾಳಿ, ಕೇಳಾನ" ಎನ್ನುತ್ತಿದ್ದಳು.

ಪಶುವೈದ್ಯಕೀಯ ಓದಲು ಸೇರಿದ ವರ್ಷ, ರಜೆಯಲ್ಲಿ ಊರಿನ ದನದ ಆಸ್ಪತ್ರೆಗೆ ಕೆಲಸ ಕಲಿಯಲು ಹೋಗುತ್ತಿದ್ದಳು. ಕಿಬ್ಬನಹಳ್ಳಿ ರಸ್ತೆಯಲ್ಲಿ ಬೈಕಿಗೆ ಸಿಕ್ಕಿ ಚಿಪ್ಪು ಬಿರಿದಿದ್ದ ಆಮೆಯೊಂದನ್ನು ನಾನೇ ಅಲ್ಲಿಗೆ ಒಯ್ದೆ. ತಲೆ, ಕಾಲು ಒಳಗೆಳೆದುಕೊಂಡು ಅದು ಕಲ್ಲಿನಂತೆ ಬಿದ್ದಿತ್ತು.

"ಸತ್ತೋಗೈತೆ ಕಣವ್ವ" ಎಂದೆ.

ದನ, ಕುರಿ ಬಿಟ್ಟು ಬೇರೆ ಜೀವವನ್ನು ಅವಳು ಮುಟ್ಟಿದ್ದು ಅದೇ ಮೊದಲು. ಗ್ಲೌಸು ತೊಟ್ಟು, ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿದಳು. ಎತ್ತಿದ್ದು ಸೀದಾ ಕಿವಿಗೆ ಹೋಯಿತು.

"ಅಲ್ಲಾಡಿಸ್ಬೇಡಮ್ಮಾ, ಅದು ಕಾಯಲ್ಲ!" ಡಾಕ್ಟರು ಕೂಗಿಕೊಂಡರು.

"ತಾಳಿ ಸಾರ್, ಕೇಳಾನ."

ಕೈ ಒಂದಿಷ್ಟೂ ಅಲುಗಲಿಲ್ಲ. ಡಾಕ್ಟರೂ ನಾನೂ ಹತ್ತಿರಕ್ಕೆ ಬಗ್ಗಿದೆವು. ಆಮೆ ಬುಸ್ಸೆಂದಿತು. ಹಿಂದೆಯೇ ಅವಳ ಭುಜದಿಂದ ಹೊಸ ಬಿಳಿ ಕೋಟಿನ ಜೇಬಿನವರೆಗೂ ಉಚ್ಚೆ ಹರಿಯಿತು.

ಅವಳ ಮುಖ ಊರಗಲವಾಯಿತು.

"ಬದುಕೈತೆ ಸಾರ್! ನೀರಿನ್ನೂ ಇಂಗಿಲ್ಲ!"