ಬಾಗಿಲ ಹಿಂದಿನ ಪೋಸ್ಟರು

ಕ್ಲಿನಿಕ್ಕಿನಲ್ಲಿ ಕಸ ಗುಡಿಸಿ ನೆಲ ಒರೆಸುವ ಅವಳಿಗೆ ಎಲ್ಲರೂ ಇಟ್ಟ ಹೆಸರು ಬಿರುಗಾಳಿ. ಕೋಣೆ, ಮೆಟ್ಟಿಲು, ಮೋರಿ ಎಲ್ಲವನ್ನೂ ಒಂದೇ ಉಸಿರಿಗೆ ಮುಗಿಸುತ್ತಿದ್ದಳು. ಕೋವಿಡ್ ಬಂದು ಹೋದ ಮೇಲೆ, ಒಂದು ಕೋಣೆ ಒರೆಸುವಷ್ಟರಲ್ಲಿ ಎದೆ ಡವಗುಟ್ಟಿ, ತಲೆಯೊಳಗೆ ಹತ್ತಿ ತುರುಕಿದಂತಾಗಿ, ಬಕೆಟ್ಟಿನ ಪಕ್ಕದಲ್ಲೇ ಕುಕ್ಕರಿಸುತ್ತಿದ್ದಳು. ಹಟಕ್ಕೆ ಬಿದ್ದು ಎಲ್ಲ ಮುಗಿಸಿದರೆ ಮರುದಿನ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ.

"ಅತ್ತಿಗೆಗೆ ಮಹಾರಾಣಿ ಕಾಯಿಲೆ," ಎಂದು ನಾದಿನಿ ಮೂತಿ ತಿರುವಿದಳು. ಡಾಕ್ಟರು ಅದೇ ಮಾತಿಗೆ ಇಸ್ತ್ರಿ ಹಾಕಿದರು: "ಎಲ್ಲಾ ಮನಸ್ಸಲ್ಲಿರೋದು. ಬೆಳಿಗ್ಗೆ ಎದ್ದು ಜೋರಾಗಿ ನಡಿ. ಸೋಮವಾರದೊಳಗೆ ಸರಿಹೋಗ್ಲಿಲ್ಲಾಂದ್ರೆ ಬೇರೆಯವಳನ್ನ ನೋಡ್ಕೋತೀನಿ." ನಾಡಿ ಕೂಡ ಮುಟ್ಟಲಿಲ್ಲ. ಅವರ ಕಣ್ಣಿಗೆ ಬೀಳುತ್ತಿದ್ದದ್ದು ನೆಲ, ಒರೆಸುವವಳಲ್ಲ.

ಆ ಕ್ಲಿನಿಕ್ಕಿನ ಘನಂದಾರಿ ಬುದ್ಧಿ ನೋಡಿ. ಎಲ್ಲಿಂದಲೋ ಬಂದ ಪೋಸ್ಟರನ್ನು ರೋಗಿಗಳು ಕಾಯುವ ಹೊರಕೋಣೆಯ ಬಾಗಿಲ ಹಿಂಬದಿಗೆ ಅಂಟಿಸಿದ್ದರು. ಬಾಗಿಲು ದಿನವಿಡೀ ತೆರೆದೇ ಇರುತ್ತಿತ್ತು, ಪೋಸ್ಟರು ಗೋಡೆಗೆ ಪಾಠ ಹೇಳುತ್ತಿತ್ತು. ಬಾಗಿಲು ಮುಚ್ಚಿ ಮೂಲೆ ಒರೆಸುವ ಬಿರುಗಾಳಿಗೆ ಮಾತ್ರ ಅದು ಕಾಣುತ್ತಿದ್ದದ್ದು: 'ಕೋವಿಡ್ ವಾಸಿಯಾದರೂ ಸುಸ್ತು, ಏದುಸಿರು, ಮರೆವು ಬಿಟ್ಟಿಲ್ಲವೇ? ನಿಮ್ಮ ವೈದ್ಯರು ಕೇಳಿಸಿಕೊಳ್ಳುತ್ತಾರೆ.'

"ಕೇಳಿಸ್ಕೊಳ್ತಾನಂತೆ, ಕೇಳಿಸ್ಕೊಳ್ತಾನೆ!" ಎಂದು ಪೋಸ್ಟರಿಗೇ ಉಗಿದಳು.

ಸೋಮವಾರ ಅವಳು ಪೊರಕೆ ಮುಟ್ಟಲಿಲ್ಲ. ಟೋಕನ್ ತೆಗೆದುಕೊಂಡು, ಬಾಗಿಲು ಮುಚ್ಚಿ, ರೋಗಿಗಳ ಸಾಲಿನಲ್ಲಿ ಕೂತಳು. ಡಾಕ್ಟರು ಒಳಗಿನಿಂದ ಇಣುಕಿದರು.

"ಏನಿದು? ನೆಲಕ್ಕೇನಾಯ್ತು?"

"ನೆಲ ಚೆನ್ನಾಗಿದೆ ಸಾರ್. ಆಗಿರೋದು ನನಗೆ."

"ನಿನಗೆ ಆಗ್ಲೇ ಹೇಳಿದೀನಲ್ಲ!"

"ನೀವು ಹೇಳಿದ್ದಾಯ್ತು, ಕೇಳಿಸ್ಕೊಳ್ಳೋದು ಬಾಕಿ ಇದೆ. ನೋಡಿ, ನೀವೇ ಅಂಟಿಸಿದೀರಿ."

ಸಾಲಿಗೆ ಸಾಲೇ ಬಾಗಿಲ ಕಡೆ ತಿರುಗಿತು. "ಅಯ್ಯೋ, ನನಗೂ ಇದೇ ಅಲ್ವಾ!" ಎಂದು ಮೂಲೆಯ ಟೈಲರು ಎದ್ದು ನಿಂತ. "ಟಾನಿಕ್ ಕುಡಿ ಅಂತ ಅಟ್ಟಿದ್ರಲ್ಲ ಸಾರ್!"

ನಾಲ್ಕು ಜನರ ಮುಂದೆ ಮರ್ಯಾದೆ ಹೋಗುವಾಗಲೇ ಇಂಥವರಿಗೆ ಓದಿದ್ದು ನೆನಪಾಗುವುದು. ಒಳಗೆ ಕರೆದರು. ಬೆರಳಿಗೆ ಕ್ಲಿಪ್ಪು ಹಾಕಿ ಕೂರಿಸಿದರು, ಎಬ್ಬಿಸಿದರು, ಎದೆಬಡಿತ ಎಣಿಸಿದರು, ರಕ್ತ ಪರೀಕ್ಷೆಗೆ ಬರೆದರು. ಆಮೇಲೆ ಹೊರಗಿನವರಿಗೂ ಕೇಳುವಂತೆ ದಯಾಳುವಾದರು:

"ಇದು ಸೋಮಾರಿತನ ಅಲ್ಲಮ್ಮ. ಕೆಲಸ ತುಂಡು ತುಂಡಾಗಿ ಮಾಡು. ಸುಸ್ತಾಗೋಕೆ ಮುಂಚೇನೇ ಕೂತ್ಕೋ."

"ಮತ್ತೆ ಜೋರಾಗಿ ನಡಿಯೋದು?"

"ಅದು... ಈಗ ಬೇಡ."

"ಕೆಲಸ?"

ಡಾಕ್ಟರು ಹೊರಗೆ ನೋಡಿದರು. ಟೈಲರು ಕಿವಿ ನಿಮಿರಿಸಿ ಕೂತಿದ್ದ.

"ನಿನ್ನದೇ ಇರ್ಲಿ," ಎಂದು ಗೊಣಗಿದರು.

ಮರುದಿನ ಬೆಳಿಗ್ಗೆ ಬಾಗಿಲು ಮುಚ್ಚದ ಹಾಗೆ ಯಾರೋ ಇಟ್ಟಿಗೆ ಅಡ್ಡ ಇಟ್ಟಿದ್ದರು. ಬಿರುಗಾಳಿ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಬಾಗಿಲು ಮುಚ್ಚಿ, ಅರ್ಧ ಕೋಣೆ ಒರೆಸಿದಳು. ಆಮೇಲೆ, ಸುಸ್ತಾಗುವ ಮುಂಚೆಯೇ, ಒಳಗೆ ಹೋಗಿ ಡಾಕ್ಟರ ಮೆತ್ತನೆ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು.