ನದಿಯ ಮೇಲಿನ ವರಾಂಡ

ಕಳೆದ ತಿಂಗಳು ಹಿನ್ನೀರಿನ ದಡದಲ್ಲಿರುವ ಒಂದು ಸಫಾರಿ ಲಾಡ್ಜಿಗೆ ಹೋಗಿದ್ದೆವು. ಕೋಣೆಯ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಅರಗಿನ ಪಾಲಿಶ್ ವಾಸನೆ. ತೇಗದ ಮರಕ್ಕೆ ಅರಗು, ಸ್ಪಿರಿಟ್ ಬೆರೆಸಿ, ಬಟ್ಟೆಯ ಉಂಡೆಯಿಂದ ಉಜ್ಜಿ ಉಜ್ಜಿ ಹತ್ತಿಸಿದಾಗ ಬರುವ, ಸ್ವಲ್ಪ ಸಿಹಿಯಾದ, ಗಂಟಲಿಗೆ ಇಳಿಯುವ ವಾಸನೆ. ಕೋಣೆಯ ಆಚೆಗೆ ನೀರಿನ ಮೇಲೆ ಚಾಚಿದ ಮರದ ವರಾಂಡ. ನನ್ನವರು ಅಲ್ಲಿಂದ, "ಬಾ, ಆನೆಗಳು ನೀರಿಗೆ ಇಳೀತಿವೆ" ಎಂದು ಕರೆದರು. ನಾನು ಹೊಸ್ತಿಲು ದಾಟಲಿಲ್ಲ. ವಿಜ್ಞಾನ ಓದಿ, ಅದನ್ನೇ ಪಾಠ ಮಾಡುವವಳು, ಆ ವರಾಂಡದ ಕೆಳಗೆ ಕಬ್ಬಿಣದ ತೊಲೆಗಳಿರುವುದು ನನಗೆ ಗೊತ್ತು. ಆದರೂ ಕಾಲು ಕೇಳಲಿಲ್ಲ.

ಆ ವಾಸನೆಯಲ್ಲೇ ನಾನು ಬೆಳೆದದ್ದು. ಶ್ರೀರಂಗಪಟ್ಟಣದಿಂದ ಪಾಲಹಳ್ಳಿಯ ಕಡೆ ಹೋಗುವಾಗ, ಕಾವೇರಿಯ ದಂಡೆಯಲ್ಲಿ ಒಂದು ಹಳೆಯ ದೊಡ್ಡ ಹೋಟೆಲಿತ್ತು. ಮುಂದೆ ಬಿಳಿ ಕಂಬಗಳು, ಹಿಂದೆ ನದಿಯ ಮೇಲೆ ಚಾಚಿದ ಮರದ ವರಾಂಡ, ಬೆತ್ತದ ಕುರ್ಚಿಗಳು, ಗಂಜಿ ಹಾಕಿದ ಮೇಜುಬಟ್ಟೆ. ದಸರಾ ನೋಡಲು, ಕಾಡು ನೋಡಲು ಬರುವ ಪರದೇಶದವರು ಅಲ್ಲೇ ಇಳಿಯುತ್ತಿದ್ದರು. ನಸುಕಿನಲ್ಲಿ ಜೀಪುಗಳು ಹೊರಟುಹೋದ ಮೇಲೆ ಅಡುಗೆಮನೆಯಿಂದ ಸುಟ್ಟ ಬ್ರೆಡ್ಡಿನ ಪರಿಮಳ ಹಿತ್ತಲವರೆಗೂ ಬರುತ್ತಿತ್ತು. ಆ ಹಿತ್ತಲಿನಲ್ಲಿ, ಹುಣಸೆಮರದ ಕೆಳಗೆ, ಕೆಲಸದವರಿಗೆಂದು ಕಟ್ಟಿಸಿದ ಎರಡು ಕೋಣೆಯ ಹೆಂಚಿನ ಮನೆಯೇ ನಮ್ಮದು. ತಾತ ಹೋಟೆಲಿನ ಬಡಗಿ. ಅಪ್ಪ ಅವ್ವ ಹೊಣಕೆರೆಯಲ್ಲಿದ್ದರು; ಶಾಲೆ ಹತ್ತಿರವೆಂದು ನನ್ನನ್ನು ತಾತ ಅಜ್ಜಿಯ ಬಳಿ ಬಿಟ್ಟಿದ್ದರು. ಮಳೆಗಾಲದಲ್ಲಿ ಊದಿಕೊಂಡ ಬಾಗಿಲುಗಳನ್ನು ತಾತ ಒಂದೊಂದಾಗಿ ಇಳಿಸಿ ಕೀಸುಳಿಯಿಂದ ಹೆರೆಯುತ್ತಿದ್ದರೆ, ನಾನು ಮರದ ಸುರುಳಿ ಸುರುಳಿ ಹೊಟ್ಟನ್ನು ಕಿವಿಗೆ ಓಲೆಯ ಹಾಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ನೀವೂ ಇಂಥದೊಂದು ಹಿತ್ತಲನ್ನು ಕಳೆದುಕೊಂಡಿದ್ದರೆ, ಹೊಟ್ಟಿನ ಆ ಬಿಸುಪು ನಿಮಗೆ ಗೊತ್ತಾಗುತ್ತದೆ.

ನಮ್ಮ ಮನೆಗೆ ದಿನಾ ಬರುತ್ತಿದ್ದವನು ಜವರಣ್ಣ. ಕೋಣೆಗಳಿಗೆ ಕಾಫಿ ಒಯ್ಯುವ ಕೆಲಸ ಅವನದು, ಊರು ಪಾಲಹಳ್ಳಿ. ಅಂಚಿಗೆ ಪಟ್ಟಿ ಹೊಲಿದ ಬಿಳಿ ಕೋಟು ತೊಟ್ಟು, ಬರಿಗಾಲಲ್ಲಿ ನಮ್ಮ ಜಗಲಿಗೆ ಬಂದು ಕೂತು, ಉಳಿದ ಕೇಕಿನ ತುಂಡನ್ನು ಕಾಗದದಿಂದ ಬಿಚ್ಚಿ ನನಗೆ ಕೊಡುತ್ತಿದ್ದ.

ಆಯುಧಪೂಜೆಯ ದಿನ ನಮ್ಮಂಥ ಆಚಾರಿಗಳ ಮನೆಯಲ್ಲಿ ಉಳಿ, ಮರ ಕೆತ್ತುವ ಬಾಚಿ, ಗರಗಸಗಳೆಲ್ಲ ಮೈ ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಮಣೆಯ ಮೇಲೆ ಮಲಗುತ್ತವೆ. ಹಾಗೆ ಇಳಿಸಿದ ಮೇಲೆ ಮಾರನೆಯ ದಿನ, ವಿಜಯದಶಮಿಯ ಬೆಳಿಗ್ಗೆವರೆಗೂ ಯಾರೂ ಮುಟ್ಟುವಂತಿಲ್ಲ. ಆ ವರ್ಷ ಅಜ್ಜಿ ಎಡೆ ಇಡುತ್ತಿದ್ದಾಗ ಜವರಣ್ಣ ಬಂದ.

"ಏನ್ ಆಚಾರ್ರೆ, ನಮ್ ಸಾಹೇಬ್ರಿಗೆ ಎರಡು ಮೊಟ್ಟೆ, ನಿಮ್ ಉಳಿಗೆ ಎರಡು ಒಬ್ಬಟ್ಟಾ?"

"ನನ್ ಉಳಿ ನಿನ್ ಸಾಹೇಬ್ರಂಗೆ ಅರ್ಧ ತಿಂದು ಬುಡಾಕಿಲ್ಲ ಕಣ್ಲಾ," ಎಂದರು ತಾತ.

ಜವರಣ್ಣ ನಕ್ಕ. ಆಮೇಲೆ, "ನದಿ ಕಡೆ ವರಾಂಡದ ಮೂಲೆ ಕಂಬ ಅಲ್ಲಾಡ್ತದೆ, ಒಸಿ ನೋಡಿ," ಅಂದ.

ತಾತ ಹೋಗಿ ನೋಡಿದರು. ನಾನೂ ಹಿಂದೆಯೇ ಹೋಗಿದ್ದೆ. ಅರಗು ಹತ್ತಿಸಿದ ಮರದ ಕಂಬ ಮೇಲೆಲ್ಲ ಕನ್ನಡಿಯಂತೆ ಹೊಳೆಯುತ್ತಿತ್ತು. ಬುಡದಲ್ಲಿ ತಾತ ಒತ್ತಿದಾಗ ಹೆಬ್ಬೆರಳು ಒಳಗಿಳಿಯಿತು. "ಕೊಳ್ತೋಗದೆ. ಆಯುಧ ಇಳಿಸ್ಬುಟ್ಟಿವ್ನಿ, ನಾಳೆ ಬೆಳಿಗ್ಗೆ ಮೊದಲ್ನೆ ಕೆಲ್ಸ ಇದೇಯ. ಅಲ್ಲೀಗಂಟ ಯಾರೂ ಅತ್ತ ಹೋಗದಂಗೆ ನೋಡ್ಕೊ," ಎಂದು ಹೇಳಿ ಎರಡು ಬೆತ್ತದ ಕುರ್ಚಿಗಳನ್ನು ಅಡ್ಡ ಇಟ್ಟು ಹಗ್ಗ ಕಟ್ಟಿದರು.

ಮಧ್ಯಾಹ್ನ ಮ್ಯಾನೇಜರು ಚೆಂಡುಹೂವಿನ ಹಾರ ಕಳಿಸಿದರು. ಅತಿಥಿಗಳು ಸಂಜೆಯ ಚಹಾಕ್ಕೆ ಬರುವಷ್ಟರಲ್ಲಿ ವರಾಂಡದ ಅಂಚಿನ ಕಟಕಟೆಗೆಲ್ಲ ಹೂವಿರಬೇಕು. ಒಂದು ತುದಿಯನ್ನು ಜವರಣ್ಣ ನನ್ನ ಕೈಗೆ ಕೊಟ್ಟು ಗೋಡೆಯ ಹತ್ತಿರ ನಿಲ್ಲಿಸಿದ. ಮೂಲೆಯವರೆಗೆ ಬಂದಾಗ ಕುರ್ಚಿಗಳನ್ನು ಸರಿಸಿದ.

"ತಾತ ಬೇಡ ಅಂದವ್ರೆ," ಎಂದೆ.

"ನಾನೇನ್ ಒರಗ್ತೀನಾ ಅದ್ಕೆ? ಒಂದ್ ಗಂಟು ಹಾಕ್ಬುಟ್ ಬತ್ತೀನಿ. ಬಿಗಿಯಾಗಿ ಇಡ್ಕೊ ಮಗಾ, ಬುಡ್ಬೇಡ."

ಅವನು ನಿಜಕ್ಕೂ ಒರಗಲಿಲ್ಲ. ಹೂವು ಜೋಲುಬೀಳಬಾರದೆಂದು ಹಾರವನ್ನು ಎಳೆದು ಕಂಬಕ್ಕೆ ಸುತ್ತಿದ, ಅಷ್ಟೆ. ದೊಡ್ಡ ಶಬ್ದವೂ ಬರಲಿಲ್ಲ. ಕಂಬ ಆಚೆಗೆ ವಾಲಿತು, ಕಟಕಟೆ ಅದರ ಹಿಂದೆ ಹೋಯಿತು, ಬಿಳಿ ಕೋಟು ಹೋಯಿತು. ಹಾರ ಒಮ್ಮೆ ನನ್ನನ್ನು ಜಗ್ಗಿತು, ದಾರ ಕಿತ್ತುಹೋಯಿತು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದ ದಿನಗಳವು. ನದಿ ಕೆಂಪಗೆ, ದಂಡೆ ಮುಟ್ಟಿ ಓಡುತ್ತಿತ್ತು. ಅವನ ಕೈ ಒಂದು ಸಲ ಮೇಲೆ ಬಂದದ್ದನ್ನು ಕಂಡೆ. ಈಗಲೂ ಅದನ್ನು ಕಾಣುತ್ತೇನೆ, ಪಾಠ ಮಾಡುವಾಗ, ಈರುಳ್ಳಿ ಹೆಚ್ಚುವಾಗ. ಪ್ರತಿ ಸಲವೂ ದಾರ ಇನ್ನೂ ಸ್ವಲ್ಪ ಹೊತ್ತು ತಡೆಯುತ್ತದೇನೋ ಎಂದು ನೋಡುತ್ತೇನೆ.

ಹರಿಗೋಲಿನವರು ಮಾರನೆಯ ದಿನ ಕೆಳಗಿನ ಬಂಡೆಗಳ ನಡುವೆ ಅವನನ್ನು ಕಂಡರು. ಅದು ವಿಜಯದಶಮಿ. ಮಣೆಯ ಮೇಲಿನ ಆಯುಧಗಳನ್ನು ತಾತ ಅಂದು ಎತ್ತಲಿಲ್ಲ. ಮರುದಿನವೂ ಇಲ್ಲ. ಒಬ್ಬಟ್ಟಿಗೆ ಇರುವೆ ಮುತ್ತಿದವು, ಹೂವು ಬಾಡಿ ಕಪ್ಪಾಯಿತು. ಮ್ಯಾನೇಜರು ಮೊದಲು ಸಮಾಧಾನ ಹೇಳಿದರು, ಆಮೇಲೆ, "ಆಚಾರ್ರೇ, ನೀವು ಕೆಲಸಕ್ಕೆ ಬರದಿದ್ದರೆ ಈ ಮನೆ ಹೊಸದಾಗಿ ಬರೋ ಬಡಗಿಗೆ ಬೇಕಾಗುತ್ತೆ" ಎಂದರು. ತಾತ ಆಗಲಿ ಎಂಬಂತೆ ತಲೆ ಆಡಿಸಿದರು. ಅಜ್ಜಿ ಒಳಗೆ ಪಾತ್ರೆಗಳನ್ನು ಚೀಲಕ್ಕೆ ಹಾಕತೊಡಗಿದಳು. "ಬಾಚಿ ಇಡೀದೆ ಇದ್ರೆ ನೀವು ಬದುಕ್ತೀರಾ?" ಎಂದು ಒಮ್ಮೆ ಮಾತ್ರ ಕೇಳಿದಳು. ತಾತನ ಬೆರಳುಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ಅವನ್ನು ನೋಡಲು ನನಗೆ ಭಯವಾಗುತ್ತಿತ್ತು.

ತಿಥಿ ಕಳೆದ ಮೇಲೆ ಜವರಣ್ಣನ ಹೆಂಡತಿ ನಿಂಗಮ್ಮ ಬಂದಳು. ಜಗಲಿಯಲ್ಲಿ ಕೂರಲಿಲ್ಲ, ಕಂಬ ಹಿಡಿದು ನಿಂತಳು. ತಾತ ಎದ್ದು ನಿಂತರು. "ಅವತ್ತೇ ಉಳಿ ಎತ್ಕಬೇಕಾಗಿತ್ತು ಕಣವ್ವ ನಾನು," ಎಂದರು.

"ನೀವು ಅಡ್ಡ ಕಟ್ಟಿದ್ರಿ, ಅವ್ರು ಬಿಚ್ಚುದ್ರು. ಅದ್ನ ಆಡ್ಕೊಂಡ್ ಕೂತ್ರೆ ಅವ್ರು ಬಂದಾರಾ?" ನಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ ಮನೆ ಬಾಗ್ಲು ಕಿತ್ತೋಗದೆ ಆಚಾರ್ರೆ. ಇನ್ಮೇಕೆ ಒಬ್ಳೇ ಇರೋಳು. ಬಂದು ನಿಲ್ಲಿಸ್ಕೊಡಿ."

ತಾತ ಒಳಗೆ ಹೋಗಿ, ಬಾಡಿದ ಹೂವನ್ನು ಪಕ್ಕಕ್ಕೆ ಸರಿಸಿ, ಒಣಗಿದ ಕುಂಕುಮ ಹಾಗೇ ಇದ್ದ ಬಾಚಿಯನ್ನು ಎತ್ತಿಕೊಂಡರು. ಹೋಟೆಲಿಗಾಗಿ ಮಾತ್ರ ಅದನ್ನು ಮತ್ತೆ ಹಿಡಿಯಲಿಲ್ಲ. ಆ ವಾರವೇ ನಾವು ಹೊಣಕೆರೆಗೆ ಹೊರಟುಬಿಟ್ಟೆವು. ಕೆಲವು ವರ್ಷಗಳ ಮೇಲೆ ಹೋಟೆಲೂ ಮುಚ್ಚಿತು. ಹುಣಸೆಮರದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರಂತೆ.

ಬಾಚಿ ಎತ್ತಿಕೊಂಡ ಆ ದಿನ ಸಂಜೆ, ಪಾಲಹಳ್ಳಿಯ ನಿಂಗಮ್ಮನ ಮನೆಯಲ್ಲಿ ತಾತ ಹೊಸ ಚೌಕಟ್ಟು ಕೂರಿಸಿ, ಬಾಗಿಲು ನಿಲ್ಲಿಸಿ, ಚಿಲಕ ಹೊಡೆದರು. ನಿಂಗಮ್ಮ ಕೊಟ್ಟ ನೀರು ಕುಡಿದು ಹೊರಗೆ ಬಂದರು. ಬಾಗಿಲು ಮುಚ್ಚಿತು. ತಾತ ಜೊತೆಗೆ ಹೋಗಿದ್ದ ನನ್ನ ಕೈ ಹಿಡಿದುಕೊಂಡರು, ಆದರೆ ಹೆಜ್ಜೆ ಇಡಲಿಲ್ಲ. ಒಳಗಿನಿಂದ ಅವಳು ಚಿಲಕ ಹಾಕಿಕೊಂಡ ಸದ್ದು ಕೇಳುವವರೆಗೂ ನಾವಿಬ್ಬರೂ ಅವಳ ಅಂಗಳದಲ್ಲೇ ನಿಂತಿದ್ದೆವು.