ಹೊಟ್ಟೆಗೆ ಕಿವಿ ಇಟ್ಟವಳು

“ಬಸ್ಯಾ ತಾನಾಗಿ ಎದ್ದು ಹೊರಕಡಿಗಿ ಹೋದ ದಿನ ಈ ಹುಡುಗಿ ಬಿ.ಎ. ಪಾಸಾಗ್ತಾಳ. ಎರಡೂ ಆಗೂ ಮಾತಲ್ಲ ಬಿಡ್ರಿ.”

ಹೀಗೆ ಹೇಳಿದವರು ನಮ್ಮ ದೊಡ್ಡಪ್ಪ. ಔರಾದಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅಡಿಕೆ ಕತ್ತರಿಸುತ್ತ, ಓಣಿಯ ಜನ ಕೇಳುವ ಹಾಗೆ ಹೇಳಿದರು. ಬಸ್ಯಾ ಎಂದರೆ ನನ್ನ ತಮ್ಮ ಬಸವರಾಜ. ಹುಡುಗಿ ನಾನು. ಒಳಗೆ ರೊಟ್ಟಿ ಬಡಿಯುತ್ತಿದ್ದ ಚಿಗವ್ವ ಕೈ ನಿಲ್ಲಿಸಲಿಲ್ಲ. “ಅವರಂದದ್ದು ನೀ ನೆನಪಿಟ್ಕೊ. ನನ್ನ ತಲ್ಯಾಗ ಜಾಗಾ ಇಲ್ಲ, ಬಸೂನ ಹೊಟ್ಟಿ ತುಂಬ್ಕೊಂಡದ” ಅಂದಳು.

ನಾನು ನೆನಪಿಟ್ಟುಕೊಂಡೆ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಅದನ್ನು ಹೇಳುವಾಗಲೆಲ್ಲ ಕಣ್ಣ ಮುಂದೆ ಬರುವುದು ಕಾಲೇಜಲ್ಲ, ಚಿಗವ್ವ ಬೆಳಗಿನ ಹೊತ್ತು ಬಸುವಿನ ಹೊಟ್ಟೆಗೆ ಕಿವಿ ಇಟ್ಟು ಕೂತದ್ದು.

ನಮ್ಮ ಹೆತ್ತವ್ವ ಬಸುವಿನ ಬಾಣಂತಿತನದಲ್ಲೇ ತೀರಿಕೊಂಡಿದ್ದಳು. ಅವನು ನಡೆಯಲು ಕಲಿಯುವ ಹೊತ್ತಿಗೆ ಅಪ್ಪ ಉದಗೀರದ ಕಡೆಯಿಂದ ಸೋನಾಬಾಯಿಯನ್ನು ಮದುವೆಯಾಗಿ ತಂದ. ನಮಗೆ ಅವಳು ಚಿಗವ್ವ. ಮನೆಯಲ್ಲಿ ಉಳಿದವರಿಗೆ ‘ಉದಗೀರದಾಕಿ’. ಕಪ್ಪಗೆ, ಕಡ್ಡಿಯ ಹಾಗೆ ಇದ್ದಳು. ಕನ್ನಡದ ನಡುವೆ ಮರಾಠಿ ಹೊಕ್ಕಿಸಿ ಮಾತಾಡುತ್ತಿದ್ದಳು. ಒಲೆ ಹಚ್ಚುವ ಮೊದಲು ಬಸುವಿನ ಅಂಗಿ ಎತ್ತಿ, ಹೊಕ್ಕುಳಿನ ಪಕ್ಕಕ್ಕೆ ಕಿವಿ ಒತ್ತಿ, “ಬೋಲ್ ಬಾಬಾ, ಬೋಲ್” ಅನ್ನುತ್ತಿದ್ದಳು. ಒಳಗೆ ಗುಳುಗುಳು ಅಂದರೆ ಆ ದಿನ ಅವಳ ಬಾಯಲ್ಲಿ ಹಾಡು. ಸುಮ್ಮನಿದ್ದರೆ ಅವಳೂ ಸುಮ್ಮನೆ.

ದೊಡ್ಡವ್ವ ಚುಚ್ಚುವಳು: “ಏನ, ಚಾವಡಿ ರೇಡಿಯೊ ಕೇಳ್ದಂಗ ಕೇಳ್ಲಕತ್ತಿ?”

“ಹೌದ್ರಿ ಅಕ್ಕಾ. ಇವತ್ತ್ಯಾಕೊ ಸ್ಟೇಷನ್ನೇ ಹತ್ತವಲ್ದು.”

ಬಸು ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಮುಖ ನೋಡುತ್ತಿರಲಿಲ್ಲ. ತುದಿಗಾಲಲ್ಲಿ ನಡೆಯುವನು, ಹಿತ್ತಾಳೆ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸಿ ಅದು ನಿಲ್ಲುವ ತನಕ ನೋಡುವನು. ತಿನ್ನುವುದು ಆರಿದ ಜೋಳದ ರೊಟ್ಟಿಯ ಗರಿಗರಿ ಅಂಚು ಮಾತ್ರ, ಅದೂ ತನ್ನದೇ ತಾಟಿನಲ್ಲಿ. ಪಲ್ಯ ತಾಗಿದರೆ ತಾಟೇ ಹಾರುತ್ತಿತ್ತು. ಹೀಗೆ ತಿಂದವನ ಹೊಟ್ಟೆ ಏನಾಗಬೇಕು? ದಿನಗಟ್ಟಲೆ ಕಟ್ಟಿಕೊಂಡು ಡೊಳ್ಳಿನ ಹಾಗೆ ಬಿಗಿಯುತ್ತಿತ್ತು. ಹೊಟ್ಟೆ ನೋಯುತ್ತದೆ ಎಂದು ಹೇಳಲು ಮಾತಿಲ್ಲ. ತನ್ನ ಮುಂಗೈ ತಾನೇ ಕಚ್ಚಿಕೊಳ್ಳುವನು, ಗೋಡೆಗೆ ಹಣೆ ಬಡಿಯುವನು. ಜನ ಹಟ ಅಂದರು, ದೆವ್ವ ಅಂದರು. ಚಿಗವ್ವ ಒಬ್ಬಳೇ ಹೊಟ್ಟೆ ಅಂದಳು. ಹಾಲು ಕುಡಿದ ದಿನ ಹೆಚ್ಚು ಒದ್ದಾಡುತ್ತಾನೆಂದು ಹಾಲು ಬಿಡಿಸಿದಳು. ರೊಟ್ಟಿಯ ಅಂಚಿಗೆ ಕಾಣದ ಹಾಗೆ ತುಪ್ಪ ಸವರಿದಳು. ಬೆಚ್ಚಗಿನ ಔಡಲೆಣ್ಣೆ ಹಚ್ಚಿ ಹೊಕ್ಕುಳಿನ ಸುತ್ತ ಕೈಯಾಡಿಸಿದಳು. ಒಂದು ಹಿಡಿಸಿದರೆ ಇನ್ನೊಂದು ಹಿಡಿಸುತ್ತಿರಲಿಲ್ಲ. ನಿನ್ನೆ ನಡೆದದ್ದು ಇಂದು ನಡೆಯುತ್ತಿರಲಿಲ್ಲ.

ಬಯಲಿಗೆ ಹೋಗಲು ಅವನಿಗೆ ಹೆದರಿಕೆ. ಹಂದಿ, ಮುಳ್ಳು, ಜನ. ಅದಕ್ಕೆಂದೇ ಕೊಟ್ಟಿಗೆಯ ಹಿಂದೆ ಎರಡು ಚಪ್ಪಟೆ ಕೆಂಪು ಕಲ್ಲು ಹಾಕಿದಳು. ಅವನನ್ನು ಅವುಗಳ ಮೇಲೆ ಕುಕ್ಕರಗಾಲಲ್ಲಿ ಕೂರಿಸಿ, ಎದುರು ತಾನು ಕೂತು ಮುಚ್ಚಳ ತಿರುಗಿಸುವಳು. ಮುಚ್ಚಳ ನಿಲ್ಲುವ ಮೊದಲು ಮತ್ತೆ ತಿರುಗಿಸುವಳು. ಬಿಸಿಲು ಕೊಟ್ಟಿಗೆಯ ಮಾಡು ದಾಟುತ್ತಿತ್ತು. ಅವಳು ಏಳುತ್ತಿರಲಿಲ್ಲ.

ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು ಆಗಲೇ. ಶಾಲೆಯಲ್ಲಿ ಪೇಢೆ ಹಂಚಿದರು. ಬೀದರ, ಭಾಲ್ಕಿ, ಔರಾದು ಈ ಕಡೆ ಉಳಿದವು, ಉದಗೀರ ಮುಂಬೈ ರಾಜ್ಯಕ್ಕೆ ಹೋಯಿತು. ಚಿಗವ್ವ ನಕ್ಕಳು: “ನಾ ಇಲ್ಲೇ ಕುಂತೇನಿ, ನನ್ನ ತವರಮನಿ ಎದ್ದು ಮುಂಬೈಗಿ ಹೋಯ್ತು ನೋಡು.” ಅದು ನಗುವ ಮಾತಲ್ಲ ಎಂಬುದು ಆಮೇಲೆ ತಿಳಿಯಿತು.

ಆ ಚಳಿಗಾಲದಲ್ಲಿ ಬಸುವನ್ನು ಬೀದರಿನ ದವಾಖಾನೆಗೆ ಕರೆದೊಯ್ದೆವು. ಅಪ್ಪ, ಚಿಗವ್ವ, ನಾನು. ಬಸ್ಸು ಹತ್ತುವಾಗ ಚಿಗವ್ವನ ಗಂಟು ದಣ್ಣೆಂದು ಕಂಡಕ್ಟರನ ಕಾಲಿಗೆ ಬಡಿಯಿತು.

“ಏನದ ಬಾಯೀ ಇದರಾಗ?”

“ಕಲ್ಲ್ರಿ.”

“ಬೀದರಕ್ಕ ಕಲ್ಲು ಒಯ್ಲಕತ್ತೀರಿ? ಇಡೀ ಕಿಲ್ಲಾನೇ ಕಲ್ಲದ, ಸಾಲವಲ್ದೇನು?”

“ಆ ಕಲ್ಲಿನ ಮ್ಯಾಲ ನಮ್ಮ ಹುಡುಗ ಕೂಡಂಗಿಲ್ಲ್ರಿ.”

ಬಸ್ಸೆಲ್ಲ ನಕ್ಕಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿದ. ದವಾಖಾನೆಯ ಹಿಂದಿನ ಗೋಡೆಯ ಮಗ್ಗುಲಲ್ಲಿ ಆ ಕಲ್ಲು ಹಾಕಿ ಕೂರಿಸಿದಾಗ ಬಸು ಕೂತ. ಡಾಕ್ಟರು ಮೈಸೂರಿನ ಕಡೆಯಿಂದ ಹೊಸದಾಗಿ ಬಂದವರು, ಒಳ್ಳೆಯವರು. ಹೊಟ್ಟೆ ಮುಟ್ಟಿ ನೋಡಿ ಔಷಧ ಕೊಟ್ಟರು. “ನೀವು ಮಾಡುತ್ತಿರುವುದನ್ನು ಬಿಡಬೇಡಿ. ಹೊಟ್ಟೆಗೆ ಔಷಧ ಇದೆಯಮ್ಮ. ಇವನು ಯಾಕೆ ಹೀಗಿದ್ದಾನೆ ಅನ್ನುವುದಕ್ಕೆ ನನ್ನ ಹತ್ತಿರ ಹೆಸರಿಲ್ಲ” ಅಂದರು.

ಹೆಸರು ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಭಾಲ್ಕಿಯಲ್ಲಿ ಶಿಕ್ಷಕಿಯಾಗಿದ್ದಾಗ. ಆಟಿಸಂ. ಅಂಥ ಅನೇಕ ಮಕ್ಕಳಿಗೆ ಹೊಟ್ಟೆಯ ತೊಂದರೆ ಇರುತ್ತದೆ, ಹೇಳಿಕೊಳ್ಳಲಾರದೆ ಮೈಯನ್ನೇ ಬಡಿದುಕೊಳ್ಳುತ್ತವೆ ಎಂದು ತರಬೇತಿಯಲ್ಲಿ ಹೇಳಿದರು. ಉಳಿದವರು ಬರೆದುಕೊಂಡರು. ನಾನು ಪೆನ್ನು ಮುಚ್ಚಿ ಕೂತೆ.

ನಮ್ಮ ಊರಿನಲ್ಲಿ ಅದಕ್ಕೆ ಬೇರೆ ಹೆಸರು ಇಟ್ಟರು. ಮುಂದಿನ ಬೇಸಿಗೆಯಲ್ಲಿ ಬಸುವಿನ ಹೊಟ್ಟೆ ಉಬ್ಬಿ, ತಿಂದದ್ದೂ ನಿಲ್ಲದಾಯಿತು. ದೊಡ್ಡಪ್ಪ ಕಟ್ಟೆಯ ಮೇಲೆ ಕೂತೇ ತೀರ್ಪು ಕೊಟ್ಟರು: “ಮದ್ದು ಹಾಕ್ಯಾಳ. ಮಲತಾಯಿ ಮತ್ತೇನ್ ಮಾಡ್ತಾಳ?” ತಿನ್ನುವುದರಲ್ಲಿ ವೈರಿಗಳು ಮದ್ದು ಬೆರೆಸುತ್ತಾರೆ, ಅದು ಹೊಟ್ಟೆಯಲ್ಲಿ ಗಡ್ಡೆಕಟ್ಟಿ ಮನುಷ್ಯನನ್ನು ಒಣಗಿಸುತ್ತದೆ, ಕಕ್ಕಿಸಿ ತೆಗೆಯಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಭಾಲ್ಕಿಯ ಹತ್ತಿರದ ಹಳ್ಳಿಯಿಂದ ಮದ್ದು ತೆಗೆಯುವವನೊಬ್ಬನನ್ನು ಮನೆಗೆ ಕರೆಸಿದರು. ಅವನು ಬಸುವಿನ ಮೂಗು ಹಿಡಿದು ಹಸಿರು ರಸ ಕುಡಿಸಿದ. ಹುಡುಗ ಕರುಳು ಹೊರಬರುವ ಹಾಗೆ ಕಕ್ಕಿದ. ಕಕ್ಕಿದ್ದರಲ್ಲಿ ಕರಿಯ ಕೂದಲಿನ ಉಂಡೆಯೊಂದು ಬಂತು. ಮದ್ದು ತೆಗೆಯುವವನು ಅದನ್ನು ಕಡ್ಡಿಯಿಂದ ಎತ್ತಿ ಎಲ್ಲರಿಗೂ ತೋರಿಸಿದ. “ನೋಡ್ರಿ. ಹೆಣ್ಣಿನ ಕೂದಲದ.”

“ಅದು ಕಂಬಳಿ ಕೂದಲ್ರಿ” ಅಂದಳು ಚಿಗವ್ವ. “ಅಂವ ಕಂಬಳಿ ಚೀಪ್ತಾನ. ನಾನೇ ದಿನಾ ಬಾಯಾಗಿಂದ ತೆಗೀತೇನಿ. ಕೇಳ್ರಿ ಹುಡುಗೀನ.”

ಹೌದು, ನಾನೂ ಹೇಳಿದೆ, ಕಂಬಳಿಯ ಹರಿದ ಮೂಲೆ ತಂದು ತೋರಿಸುತ್ತೇನೆಂದೆ. ಹುಡುಗಿಯ ಮಾತು ಯಾರಿಗೆ ಬೇಕಿತ್ತು? “ಈಕಿಗೂ ಹಾಕಿದಂಗ ಕಾಣ್ತದ” ಅಂದರು ದೊಡ್ಡಪ್ಪ. ಅಪ್ಪ ಅಣ್ಣನ ಮಾತು ಮೀರಿದವನಲ್ಲ. ಮರುದಿನ ಚಿಗವ್ವನನ್ನು ಉದಗೀರಕ್ಕೆ ಕಳಿಸಿದರು. ಕೊಟ್ಟಿಗೆಯ ಹಿಂದಿನ ಎರಡು ಕಲ್ಲು ಮಾಟದ ಕಲ್ಲಾದವು. ದೊಡ್ಡಪ್ಪ ಅವನ್ನು ತಿಪ್ಪೆಗೆ ಎಸೆಯಿಸಿದರು. ನನ್ನ ಪಾಟಿಚೀಲ ಗೂಟಕ್ಕೇರಿತು. ತಮ್ಮನನ್ನು ನೋಡಿಕೊಳ್ಳಲು ಇನ್ನು ನಾನೇ.

ಮದ್ದು ಬಿದ್ದುಹೋಗಿತ್ತಲ್ಲ, ಬಸು ಸುಧಾರಿಸಬೇಕಾಗಿತ್ತು. ದೊಡ್ಡವ್ವನ ರೊಟ್ಟಿಯ ಅಂಚು ದಪ್ಪ. ಅವನು ಹಲ್ಲು ಕಚ್ಚಿ ಕೂತ. ಕಲ್ಲಿದ್ದ ಜಾಗಕ್ಕೆ ಹೋಗಿ ಬರಿಗಾಲಲ್ಲಿ ನೆಲ ತಡವಿ ವಾಪಸು ಬರುವನು. ನಾನು ಮುಚ್ಚಳ ತಿರುಗಿಸಿದರೆ ಕೈ ತಳ್ಳುವನು. ಅವಳ ಕೈಯ ವೇಗ ನನ್ನದಲ್ಲ. ಮೈಯಲ್ಲಿ ಎಲುಬು, ನಡುವೆ ಕೊಡದಂಥ ಹೊಟ್ಟೆ. ಕಡೆಗೆ ದೊಡ್ಡವ್ವನೇ ಗಂಡನಿಗೆ ಅಂದಳು: “ಹುಡುಗ ಸತ್ತರ ಈ ಸಲ ನಮ್ಮ ಹೆಸರು ಹೇಳ್ತಾರ.” ಆಗ ಅಪ್ಪನಿಗೆ ಅಪ್ಪಣೆ ಸಿಕ್ಕಿತು. ಕಮಲನಗರ ದಾಟಿ ಇನ್ನೊಂದು ರಾಜ್ಯಕ್ಕೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದ.

ಚಿಗವ್ವ ಹೊಸ್ತಿಲ ಹೊರಗೇ ನಿಂತಳು.

“ಒಳಗ ಬಾ. ಆದದ್ದಾಯ್ತು” ಅಂದರು ದೊಡ್ಡಪ್ಪ.

“ಒಂದು ಮಾತದರಿ ಭಾವನೋರ.”

“ಏನು, ನಾ ತಪ್ಪಾಯ್ತನ್ನಬೇಕೇನು?”

“ಅದು ಬ್ಯಾಡ್ರಿ. ನನ್ನ ಹೆಸರು ಹೋಗ್ಯದ, ನೀವು ತೊಳದ್ರ ಬರಂಗಿಲ್ಲ. ಹುಡುಗೀ ಚೀಲ ಗೂಟದಿಂದ ಇಳಸ್ರಿ. ಎಲ್ಲೀತನ ಓದ್ತಾಳ ಅಲ್ಲೀತನ ಓದ್ಲಿ. ಹುಡುಗನ ಹೊಟ್ಟಿ ನಾ ನೋಡ್ತೇನಿ.”

ದೊಡ್ಡಪ್ಪ ಹೂಂ ಅಂದರು. ಮರುದಿನ ಕಟ್ಟೆಯ ಮೇಲೆ ಕೂತು ಆಡಿದ್ದೇ ನಾನು ಮೊದಲು ಬರೆದ ಮಾತು.

ಅವಳು ತಿಪ್ಪೆ ಕೆದಕಿ ಕಲ್ಲು ತೆಗೆದಳು, ತೊಳೆದು ಇದ್ದಲ್ಲೇ ಇಟ್ಟಳು. ಬಸುವಿನ ಅಂಗಿ ಎತ್ತಿ ಕಿವಿ ಇಟ್ಟಳು. ಬಹಳ ಹೊತ್ತು ಏಳಲಿಲ್ಲ. ಕಿವಿ ಇಟ್ಟಿದ್ದಳೋ ಮುಖ ಮರೆಸಿದ್ದಳೋ ತಿಳಿಯಲಿಲ್ಲ.

ಆ ದಿನದಿಂದ ಓಣಿಯಲ್ಲಿ ಅವಳ ಹೆಸರು ಬದಲಾಯಿತು. ಉದಗೀರದಾಕಿ ಹೋಗಿ ‘ಮದ್ದಿನಾಕಿ’ ಆದಳು. ಅವಳ ಕೈಯಿಂದ ಯಾರೂ ನೀರು ಕುಡಿಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಅವಳನ್ನು ಅಡಿಗೆಯ ಹತ್ತಿರ ಬಿಡುತ್ತಿರಲಿಲ್ಲ. ಹೆಸರಿನಲ್ಲಿ ಸಿಟ್ಟು ಉಳಿದಿರಲಿಲ್ಲ. ಕುಂಟನನ್ನು ಕುಂಟ ಅಂದ ಹಾಗೆ, ಎದುರಿಗೇ ಕರೆಯುತ್ತಿದ್ದರು. ನಾನು ಸಿಟ್ಟಾದರೆ, “ನಿನ್ನ ಪಾಠ ಓದು. ಅವರ ಬಾಯಿ ಬಸೂನ ಹೊಟ್ಟಿ ಇದ್ದಂಗ, ಅವಸರ ಮಾಡಿದ್ರ ಬಿಗೀತದ” ಅನ್ನುವಳು.

ಬಸುವಿಗೆ ಮೀಸೆ ಮೂಡುವ ಹೊತ್ತಿಗೆ ಒಂದು ಬೆಳಗು ಅವನು ತಾನೇ ಡಬ್ಬಿಯ ಮುಚ್ಚಳ ತೆಗೆದುಕೊಂಡು ಕೊಟ್ಟಿಗೆಯ ಹಿಂದೆ ಹೋದ. ಚಿಗವ್ವ ಬಾಗಿಲಲ್ಲಿ ನಿಂತು ಮುಚ್ಚಳದ ಸದ್ದು ಕೇಳಿದಳು. ನಾನು ಬೀದರಿನ ಹಾಸ್ಟೆಲಿನಿಂದ ಬಂದಾಗ ಹೇಳಿದ್ದು ಇಷ್ಟೇ: “ಅಂವಂದು ಆಯ್ತು. ಇನ್ನು ನಿಂದು.”

ನನ್ನದು ಆಗುವುದನ್ನು ನೋಡಲು ಅವಳು ಉಳಿಯಲಿಲ್ಲ. ಕೊನೆಯ ಪರೀಕ್ಷೆಗೆ ಮೊದಲು ಜ್ವರ ಬಂದು ಹೋದಳು. ಓದು ಕೆಡುತ್ತದೆ, ಹೇಳಬೇಡಿ ಎಂದಿದ್ದಳಂತೆ. ಪರೀಕ್ಷೆ ಮುಗಿಸಿ ಬಂದ ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದರೆ ಬಸು ಆರಿದ ಒಲೆಯ ಮುಂದೆ ಅಂಗಿ ಎತ್ತಿ ಹಿಡಿದು ನಿಂತಿದ್ದ. ಅವಳು ಹೋದಂದಿನಿಂದ ದಿನವೂ ಹಾಗೇ ನಿಲ್ಲುತ್ತಾನೆ ಎಂದ ಅಪ್ಪ. ನಾನು ಕೂತು ಕಿವಿ ಇಟ್ಟೆ. ನನ್ನ ಅಳುವೇ ನನಗೆ ಕೇಳಿಸಿತು, ಬೇರೇನೂ ಇಲ್ಲ.

ಸರ್ಟಿಫಿಕೇಟು ಬಂದ ದಿನ ಅದನ್ನು ಬೀದರಿನಿಂದ ಮಡಿಲಲ್ಲಿಟ್ಟುಕೊಂಡು ಬಂದೆ. ಹೋಗಿ ಕೊಟ್ಟದ್ದು ದೊಡ್ಡಪ್ಪನಿಗೆ. ಮಾತು ಅವರದಲ್ಲವೇ. ಅದೇ ಕಟ್ಟೆ, ಕಣ್ಣು ಮಂಜಾಗಿತ್ತು, ಅಡಿಕೆ ಕತ್ತರಿಸಿ ಕೊಡಲು ಈಗ ಬೇರೆಯವರು ಬೇಕಾಗಿತ್ತು.

“ಎರಡೂ ಆದವ್ರಿ ದೊಡ್ಡಪ್ಪಾ” ಅಂದೆ.

ಅವರಿಗೆ ತಮ್ಮ ಮಾತು ನೆನಪಿರಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಮುದ್ರೆಯ ಮೇಲೆ ಬೆರಳಾಡಿಸಿದರು. ನಿಜವಾಗಿ ಅವರ ಕಣ್ಣು ತುಂಬಿತ್ತು. ಸುಳ್ಳು ಹೇಳಲಾರೆ.

“ಭೇಷ್ ಆಯ್ತವಾ” ಅಂದರು. “ಆ ಮದ್ದಿನಾಕಿ ಇರಬೇಕಾಗಿತ್ತು ನೋಡು. ಭಾಳ ಖುಷಿ ಪಡ್ತಿದ್ಲು.”